ನಿಮಗಿದು ಗೊತ್ತೇ? ದೊಡ್ಡ ಡಾಕ್ಟರನ್ನೂ ತಡೆಯುವ ಸಿಸ್ಟರ್

ರೋಗಿ ಬದುಕಿದರೆ ಡಾಕ್ಟರ ಕೈಗುಣ ಚೆನ್ನಾಗಿತ್ತು ಎನ್ನುತ್ತೇವೆ. ಆಸ್ಪತ್ರೆ ಆಡಳಿತದ ಅಧ್ಯಯನಗಳು ಇನ್ನೆರಡು ಪ್ರಶ್ನೆ ಕೇಳುತ್ತವೆ: ಆ ತಂಡದಲ್ಲಿ ಕಿರಿಯರು ಬಾಯಿ ಬಿಡಬಹುದಿತ್ತೇ? ಊರಿನವರ ಕೈಗೆ ಕೆಲಸ ಕೊಟ್ಟಿದ್ದರೇ?

● ಆಪರೇಷನ್‌ನಲ್ಲಿ ಚಾಕು ತಾಗಿಸುವ ಮುನ್ನ ಥಿಯೇಟರಿನಲ್ಲಿರುವ ಎಲ್ಲರೂ ತಂತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಚೆಕ್‌ಲಿಸ್ಟ್‌ನಲ್ಲಿ ಇದೂ ಒಂದು. ನವದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಒಂದು ಹಾಳೆ, ನಾಲ್ಕು ಮಾತು.

● ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯ ಐದೇ ನಿಯಮ ತಂದರು. ಕೈ ತೊಳೆಯುವುದು ಅದರಲ್ಲಿ ಮೊದಲನೆಯದು. ಡಾಕ್ಟರು ಒಂದನ್ನು ಬಿಟ್ಟರೂ ‘ನಿಲ್ಲಿಸಿ’ ಎನ್ನುವ ಅಧಿಕಾರ ನರ್ಸಿಗೆ. ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯಿಂದ ಹರಡುವ ಸೋಂಕು 18 ತಿಂಗಳಲ್ಲಿ ಮೂರರಲ್ಲಿ ಎರಡು ಪಾಲು ತಗ್ಗಿತು. ಫಲಿತಾಂಶ ಪ್ರಕಟವಾದದ್ದು 2006ರಲ್ಲಿ.

● ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಎಂದೇ ಎಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ನಂಬಿದ್ದರು. ಅಂಕಿಅಂಶ ತಿರುಗಿ ಬಿತ್ತು. ಹೊಂದಾಣಿಕೆ ಚೆನ್ನಾಗಿದ್ದ ವಾರ್ಡುಗಳಲ್ಲೇ ಔಷಧಿ ಕೊಡುವಾಗಿನ ತಪ್ಪುಗಳ ವರದಿ ಹೆಚ್ಚು! ಬೈಗುಳದ ಭಯವಿಲ್ಲದ ಕಡೆ ತಪ್ಪು ಹೊರಗೆ ಬರುತ್ತದೆ, ಭಯವಿದ್ದ ಕಡೆ ಮುಚ್ಚಿಹೋಗುತ್ತದೆ ಎಂಬುದು ಅವರು 1996ರಲ್ಲಿ ಕೊಟ್ಟ ವಿವರಣೆ. ಹಾಗಾಗಿ ‘ನಮ್ಮಲ್ಲಿ ತಪ್ಪೇ ಆಗಿಲ್ಲ’ ಎನ್ನುವ ವಾರ್ಡಿನ ಮೇಲೆ ಸ್ವಲ್ಪ ಕಣ್ಣಿಡುವುದು ಒಳ್ಳೆಯದು.

● 2005, ಇಂಗ್ಲೆಂಡ್. ಸಾಮಾನ್ಯ ಸೈನಸ್ ಆಪರೇಷನ್‌ಗೆ ಬಂದ ಮಹಿಳೆಗೆ ಅರಿವಳಿಕೆ ಕೊಟ್ಟ ಕೂಡಲೇ ಉಸಿರಿನ ದಾರಿ ಕಟ್ಟಿತು. ಮೂವರು ಅನುಭವಿ ತಜ್ಞರು ಗಂಟಲಿಗೆ ಕೊಳವೆ ಇಳಿಸಲು ಮತ್ತೆ ಮತ್ತೆ ಹೆಣಗಿದರು, ನಿಮಿಷಗಳು ಉರುಳಿದ್ದು ಅವರ ಗಮನಕ್ಕೇ ಬರಲಿಲ್ಲ. ಒಬ್ಬ ನರ್ಸ್ ಕತ್ತಿನಲ್ಲಿ ರಂಧ್ರ ಮಾಡುವ ಸಲಕರಣೆ ತಂದು, ‘ಸಿದ್ಧವಿದೆ’ ಎಂದರು. ಇನ್ನೊಬ್ಬರು ಐಸಿಯುಗೆ ಫೋನ್ ಮಾಡಿ ಹಾಸಿಗೆ ಕಾದಿರಿಸಿದರು. ಡಾಕ್ಟರುಗಳ ನೋಟಕ್ಕೆ ಅಳುಕಿ ಅದನ್ನು ರದ್ದು ಮಾಡಿದರು. 13 ದಿನಗಳ ಬಳಿಕ ರೋಗಿ ತೀರಿಕೊಂಡರು. ಆಕೆಯ ಪತಿ ವಿಮಾನದ ಪೈಲಟ್. ಕಾಕ್‌ಪಿಟ್‌ನಲ್ಲಿ ಕಿರಿಯ ಪೈಲಟ್ ಹಿರಿಯನನ್ನು ಎಚ್ಚರಿಸುವ ತರಬೇತಿ ಇದ್ದೇ ಇರುತ್ತದೆ. ಆಸ್ಪತ್ರೆಗೂ ಅದು ಬೇಕೆಂದು ಅವರು 2007ರಲ್ಲಿ ಒಂದು ಸಂಘಟನೆಯನ್ನೇ ಕಟ್ಟಿದರು.

● ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ, ಹೃದಯದ ಆಪರೇಷನ್ ಆದ ಮಗುವನ್ನು ಐಸಿಯುಗೆ ಒಪ್ಪಿಸುವ ಪಾಠ ಕಲಿತದ್ದು ಕಾರ್ ರೇಸಿನ ಫೆರಾರಿ ತಂಡದಿಂದ. ಯಾರು ಎಲ್ಲಿ ನಿಲ್ಲಬೇಕು, ಯಾರು ಮಾತಾಡಬೇಕು, ಯಾರ ಮಾತೇ ಕೊನೆ ಎಂಬುದೆಲ್ಲ ಮೊದಲೇ ನಿಗದಿ.

● ನೆದರ್ಲೆಂಡ್ಸ್‌ನ ‘ಬ್ಯೂರ್ಟ್‌ಜೋರ್ಗ್’ ಸಂಸ್ಥೆಯ ನರ್ಸುಗಳು ಮನೆಮನೆಗೆ ಹೋಗಿ ಆರೈಕೆ ಮಾಡುತ್ತಾರೆ. 2006ರಲ್ಲಿ ಅದನ್ನು ಕಟ್ಟಿದ ಯೋಸ್ ಡಿ ಬ್ಲಾಕ್ ಕೂಡ ನರ್ಸೇ. ಒಂದು ತಂಡದಲ್ಲಿ ಹೆಚ್ಚೆಂದರೆ 12 ಮಂದಿ, ತಂಡಕ್ಕೆ ಮ್ಯಾನೇಜರೇ ಇಲ್ಲ. ಯಾರ ಮನೆಗೆ ಯಾರು, ಯಾವಾಗ ಹೋಗಬೇಕೆಂದು ಅವರವರೇ ತೀರ್ಮಾನಿಸುತ್ತಾರೆ.

● ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆ ಕಲಿಸಿದರು. ಮೂರು ವರ್ಷಗಳಲ್ಲಿ ಆ ಹಳ್ಳಿಗಳಲ್ಲಿ ಹಸುಗೂಸುಗಳ ಸಾವು, ಇಂಥ ಆರೈಕೆ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ, ಶೇ. 62ರಷ್ಟು ತಗ್ಗಿತು. 1999ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. ಎಣಿಕೆ ಬಾರದ ಸೂಲಗಿತ್ತಿಯರಿಗೆಂದು ಅಲ್ಲಿ ಒಂದು ಮಣಿಚೌಕಟ್ಟು ರೂಪಿಸಿದ್ದರು. ಮಗು 10 ಸಲ ಉಸಿರಾಡಿದರೆ ಒಂದು ಮಣಿ ಸರಿಸಬೇಕು. ಪಕ್ಕದ ಗಾಜಿನಲ್ಲಿ ಒಂದು ನಿಮಿಷದ ಮರಳು ಇಳಿಯುತ್ತಿರುತ್ತದೆ. ಮರಳು ಮುಗಿಯುವ ಮೊದಲೇ ಕೆಂಪು ಮಣಿ ಬಂತೋ, ನ್ಯುಮೋನಿಯಾ ಎಂದೇ ಲೆಕ್ಕ.

● ಇವತ್ತು ನಮ್ಮ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಬಂದು ಮಗುವಿನ ಮೈ ಮುಟ್ಟಿ, ತೂಕ ನೋಡಿ ಹೋಗುತ್ತಾರಲ್ಲ, ಅದರ ಬೇರು ಗಡಚಿರೋಲಿಯಲ್ಲಿದೆ. 2011ರಿಂದ ಇದು ದೇಶವ್ಯಾಪಿ ಕಾರ್ಯಕ್ರಮ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನಗಳೊಳಗೆ ಆರು ಭೇಟಿ, ಮನೆಯಲ್ಲಾದರೆ ಏಳು.

● ಮಾನಸಿಕ ಕಾಯಿಲೆಗೆ ಪಿಎಚ್‌ಸಿಯಲ್ಲೇ ಚಿಕಿತ್ಸೆ ಕೊಡುವ ಜಿಲ್ಲಾ ಯೋಜನೆ ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಸರ್ಕಾರಿ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ‘ಬಳ್ಳಾರಿ ಮಾದರಿ’ಯೇ ತಳಹದಿ.

● ಜಿಂಬಾಬ್ವೆಯ ಹರಾರೆಯಲ್ಲಿ ಖಿನ್ನತೆಗೆ ಅಜ್ಜಿಯರೇ ಆಪ್ತಸಮಾಲೋಚಕರು. ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ಆ ದೇಶದಲ್ಲಿ ಡಾ. ಡಿಕ್ಸನ್ ಚಿಬಾಂಡಾ 2006ರಲ್ಲಿ 14 ಅಜ್ಜಿಯರೊಂದಿಗೆ ಇದನ್ನು ಆರಂಭಿಸಿದರು. ಕ್ಲಿನಿಕ್ ಅಂಗಳದ ಬೆಂಚೇ ಸಮಾಲೋಚನಾ ಕೊಠಡಿ. 2016ರಲ್ಲಿ ಪ್ರಕಟವಾದ ಅಧ್ಯಯನದಂತೆ, ಆರು ತಿಂಗಳ ಬಳಿಕವೂ ಖಿನ್ನತೆಯ ಲಕ್ಷಣ ಉಳಿದದ್ದು ಬೆಂಚಿನ ಮೇಲೆ ಕೂತವರಲ್ಲಿ ಸುಮಾರು ಶೇ. 14 ಮಂದಿಗೆ. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ. 50 ಮಂದಿಗೆ.

● ಬೆಲ್ಜಿಯಂನ ಗೀಲ್ ಪಟ್ಟಣದ ಜನ ಮಧ್ಯಯುಗದಿಂದಲೂ ಮನೋರೋಗಿಗಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಸಲಹುತ್ತಾ ಬಂದಿದ್ದಾರೆ. 1930ರ ದಶಕದ ಕೊನೆಯಲ್ಲಿ ಹೀಗೆ ಇದ್ದವರು 3,500ಕ್ಕೂ ಹೆಚ್ಚು.

● ನಮ್ಮ ಅಮೃತಸರದಲ್ಲೂ 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗೆ ಆಸ್ಪತ್ರೆ ಆವರಣದಲ್ಲೇ ಡೇರೆ ಹಾಕಿಸಿಕೊಟ್ಟು, ಆರೈಕೆಯಲ್ಲಿ ಪಾಲುದಾರರನ್ನಾಗಿ ಮಾಡಿದ್ದರು.

● 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ಜಾಗತಿಕ ಆರೋಗ್ಯ ನಾಯಕರು’ ಪ್ರಶಸ್ತಿಯನ್ನು ಭಾರತದ ಹತ್ತು ಲಕ್ಷ ಆಶಾ ಕಾರ್ಯಕರ್ತೆಯರಿಗೂ ಕೊಟ್ಟಿತು. ಸರ್ಕಾರದ ಲೆಕ್ಕದಲ್ಲಿ ಈ ನಾಯಕಿಯರು ನೌಕರರಲ್ಲ, ಸ್ವಯಂಸೇವಕಿಯರು. ಸಂಬಳವಿಲ್ಲ, ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ, ಮೇಲಿಷ್ಟು ಗೌರವಧನ.