ಸುತ್ತಿಗೆಯ ಪೆಟ್ಟಿನ ಬೆಳ್ಳಿ ನಾಣ್ಯಗಳು

ಚರಿತ್ರೆಯ ಪಾಠವೆಂದರೆ ಅರಸರ ಹೆಸರುಗಳನ್ನೂ ಇಸವಿಗಳನ್ನೂ ಬಾಯಿಪಾಠ ಮಾಡುವುದೆಂದು ಅನೇಕರು ಭಾವಿಸಿರುವರು. ಒಂದು ಹಳೆಯ ನಾಣ್ಯವನ್ನು ವಿಚಾರಿಸಿ ನೋಡಿದರೆ ಆ ಭಾವನೆಯು ದೂರವಾಗುವುದು. ಸ್ಕಾಟ್ಲೆಂಡು ದೇಶದ ಮೇರಿ ರಾಣಿಯ ಮತ್ತು ಆಕೆಯ ಮಗನಾದ ಆರನೆಯ ಜೇಮ್ಸನ ಬೆಳ್ಳಿಯ ನಾಣ್ಯಗಳು ಇದಕ್ಕೆ ನಿದರ್ಶನವಾಗಿವೆ.

ಆ ಕಾಲದಲ್ಲಿ ನಾಣ್ಯಗಳನ್ನು ಕೈಯಿಂದಲೇ ಟಂಕಿಸುತ್ತಿದ್ದರು. ಒಂದು ಅಚ್ಚನ್ನು ದಿಮ್ಮಿಯಲ್ಲಿ ನೆಟ್ಟು, ಬೆಳ್ಳಿಯ ಬಿಲ್ಲೆಯನ್ನು ಅದರ ಮೇಲಿಟ್ಟು, ಎರಡನೆಯ ಅಚ್ಚನ್ನು ಮೇಲೆ ಹಿಡಿದು ಸುತ್ತಿಗೆಯಿಂದ ಬಲವಾಗಿ ಹೊಡೆಯುವರು. ಆದುದರಿಂದ ಒಂದು ನಾಣ್ಯವು ಮತ್ತೊಂದರಂತೆ ಇರುತ್ತಿರಲಿಲ್ಲ. ಅಂಚು ಸಮನಾಗಿಲ್ಲದ ಕಾರಣ, ವಂಚಕರು ಅದನ್ನು ಕತ್ತರಿಸಿ ಬೆಳ್ಳಿಯನ್ನು ಅಪಹರಿಸುವುದೂ ಸುಲಭವಾಗಿತ್ತು.

1565ರಲ್ಲಿ ಮೇರಿ ರಾಣಿಯು ಡಾರ್ನ್ಲಿ ಪ್ರಭುವಾದ ಹೆನ್ರಿಯನ್ನು ವಿವಾಹವಾದಳು. ಆಗ ರಯಲ್ ಎಂಬ ದೊಡ್ಡ ನಾಣ್ಯವು ಹೊರಟಿತು. ಅದರಲ್ಲಿ ದಂಪತಿಗಳ ಮುಖಗಳು ಎದುರುಬದುರಾಗಿದ್ದವು. ಅವರನ್ನು ಯಾರೂ ಅಗಲಿಸಬಾರದೆಂಬ ಅರ್ಥದ ಲತೀನ್ ಸುವಾರ್ತಾವಚನವೂ ಇತ್ತು. ಆದರೆ ರಾಜ್ಯಕ್ಕೆ ಹಕ್ಕುಳ್ಳ ರಾಣಿಯ ಹೆಸರಿಗಿಂತ ಗಂಡನ ಹೆಸರೇ ಮೊದಲಿತ್ತು! ಆ ನಾಣ್ಯವು ಬೇಗನೆ ಹಿಂತೆಗೆಯಲ್ಪಟ್ಟಿತು. ಅದರ ತರುವಾಯ ಬಂದ 30 ಷಿಲಿಂಗಿನ ರಯಲಿನಲ್ಲಿ ಮೇರಿಯ ಹೆಸರು ಮೊದಲು, ಹೆನ್ರಿಯದು ಅನಂತರ. ಮುಖಗಳಿಗೆ ಬದಲಾಗಿ ಒಂದು ಮರವೂ ಅದನ್ನು ಹತ್ತುವ ಆಮೆಯೂ ಕಾಣುವವು. 1567ರ ಫೆಬ್ರವರಿಯಲ್ಲಿ ಹೆನ್ರಿಯು ಕೊಲ್ಲಲ್ಪಟ್ಟನು. ಆ ಬಳಿಕ ನಾಣ್ಯದಲ್ಲಿ ಮೇರಿಯ ಹೆಸರು ಒಂಟಿಯಾಗಿ ಉಳಿಯಿತು. ಜುಲೈ ತಿಂಗಳಲ್ಲಿ ಆಕೆಯೂ ಸಿಂಹಾಸನವನ್ನು ಬಿಡಬೇಕಾಯಿತು.

ಒಂದು ವರುಷದ ಹಸುಳೆ ಜೇಮ್ಸನ ಹೆಸರಿನಲ್ಲಿ ಬಂದ ರಯಲಿನ ಮೇಲೆ ಕಿರೀಟವುಳ್ಳ ಕತ್ತಿಯೊಂದಿದೆ. ನನಗಾಗಿ ಇದನ್ನು ಹಿಡಿಯಿರಿ, ನಾನು ತಪ್ಪಿದರೆ ನನ್ನ ಮೇಲೆಯೇ ಹಿಡಿಯಿರಿ ಎಂಬುದು ಅದರ ಬರಹದ ಭಾವ. ಅರಸನೂ ನ್ಯಾಯಕ್ಕೆ ಅಧೀನನೆಂಬ ಮಾತು ಹೀಗೆ ಪೇಟೆಯ ಜನರ ಕೈಯಿಂದ ಕೈಗೆ ಹೋಯಿತು.

1578ರಲ್ಲಿ ಇದೇ ರಯಲುಗಳಿಗೆ ಸಣ್ಣ ಮುದ್ರೆಯೊತ್ತಿ, 36 ಷಿಲಿಂಗು 9 ಪೆನ್ಸು ಬೆಲೆಯೆಂದು ಸಾರಿದರು. ಬೆಳ್ಳಿ ಹೆಚ್ಚಲಿಲ್ಲ, ಷಿಲಿಂಗಿನ ಯೋಗ್ಯತೆ ಕುಗ್ಗಿತು. ಒಂದು ಕಾಲದಲ್ಲಿ ಇಂಗ್ಲೆಂಡಿನದಕ್ಕೆ ಸಮನಾಗಿದ್ದ ಸ್ಕಾಟ್ ಪೌಂಡು 1603ರ ಹೊತ್ತಿಗೆ ಅದರ ಹನ್ನೆರಡನೆಯ ಒಂದು ಪಾಲಿಗೆ ಇಳಿದಿತ್ತು. ಕೂಡಿಟ್ಟು ಬಾಳುವ ಸಂಸಾರಿಗಳಿಗೆ ಇದರಿಂದಾದ ನಷ್ಟವನ್ನು ಗೃಹಿಣಿಯರಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ತಾವೇ ಊಹಿಸಬಲ್ಲರು.

ಮನೆಯ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯವೊಂದು ದೊರೆತರೆ, ಅಕ್ಕಸಾಲಿಗನ ಮೂಸೆಗೆ ಕಳುಹಿಸುವ ಮೊದಲು ಅದನ್ನು ಮಕ್ಕಳ ಕೈಯಲ್ಲಿಟ್ಟು, ಯಾರ ಹೆಸರಿದೆ, ಯಾವ ಗುರುತಿದೆ, ತೂಕವೆಷ್ಟು ಎಂದು ಕೇಳಬೇಕೆಂದು ತಾಯಿತಂದೆಗಳನ್ನು ಬೇಡಿಕೊಳ್ಳುತ್ತೇವೆ.