ಬಡ್ಡಿಯ ಜೊತೆ ಅಸಲನ್ನೂ ಕಟ್ಟಿ

ಅಕ್ಕಂದಿರೇ, ಕೈಸಾಲಕ್ಕೆ ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ ಅಂತಾರೆ. ಕೇಳೋಕೆ ಸಣ್ಣದು. ಆದರೆ 10,000 ರೂಪಾಯಿ ಸಾಲಕ್ಕೆ ತಿಂಗಳ ಬಡ್ಡಿಯೇ 500. ಬಡ್ಡಿ ಮಾತ್ರ ಕಟ್ಟಿದರೆ ಅಸಲು ಹಾಗೇ ಉಳಿಯುತ್ತೆ.

ತಿಂಗಳಿಗೆ 600 ಕಟ್ಟಿದರೆ ಸಾಲ ತೀರಲು 37 ತಿಂಗಳು ಬೇಕು. ಒಟ್ಟು ಸುಮಾರು 22,000 ಕಟ್ಟಬೇಕು. ತಿಂಗಳಿಗೆ 1,000 ಕಟ್ಟಿದರೆ 15 ತಿಂಗಳು ಸಾಕು. ಒಟ್ಟು ಸುಮಾರು 14,200. ಯಾಕೆ? ಅಸಲು ಇಳಿದಂತೆ ಬಡ್ಡಿಯೂ ಇಳಿಯುತ್ತೆ.

ಸರಗೂರು ಕಡೆ ಹತ್ತಿ ಬಿಡಿಸುವಾಗ ಕೂಲಿ ಸಿಗುತ್ತೆ. ಆಗ ಅಸಲಿಗೆ ಹೆಚ್ಚು ಕಟ್ಟಿ. ಸ್ತ್ರೀಶಕ್ತಿ ಸಂಘದಲ್ಲಿ ಕಡಿಮೆ ಬಡ್ಡಿಗೆ ಸಾಲ ಸಿಕ್ಕರೆ, ಮೊದಲು ಕೈಸಾಲ ತೀರಿಸಿ.

ದುಡ್ಡು ಕೊಟ್ಟಾಗಲೆಲ್ಲ ಚೀಟಿ ಬರೆಸಿಕೊಳ್ಳಿ. ಬಡ್ಡಿಗೆ ಎಷ್ಟು? ಅಸಲಿಗೆ ಎಷ್ಟು? ನೀವೇ ಓದಿ ನೋಡಿ. ಸಾಲ ತೀರಿದ ದಿನವೇ ಪತ್ರ ವಾಪಸ್ ಇಸ್ಕೊಳ್ಳಿ.