ಈ ಚಂದ್ರನಿಗೆ ನಿಮ್ಮ ಕನ್ನಡದಲ್ಲಿ ಏನಿದೆ?

ಈ ವಾರದ ಮಾತಿನ ಬರಹ ರೂಪ ಇದು. ಲೋಕಲ್‌ನಲ್ಲಿ ನಿಂತ್ಕೊಂಡು ವಿಡಿಯೋ ನೋಡೋಕಾಗಲ್ಲ, ಓದೋಕಾದ್ರೂ ಆಗುತ್ತೆ ಅಂದವರಿಗಾಗಿ ಮಾತನ್ನು ಅಲ್ಲಲ್ಲಿ ತಿದ್ದಿ ಹಾಕಿದ್ದೇನೆ.

ವಿಷಯ ಶುರುವಾಗಿದ್ದು ಡೊಂಬಿವಲಿಯ ನಮ್ಮ ಸೊಸೈಟಿಯ ಟೆರೇಸ್ ಮೇಲೆ, ಕೋಜಾಗಿರಿ ರಾತ್ರಿ. ಇಲ್ಲಿ ಇರುವವರಿಗೆಲ್ಲ ಗೊತ್ತು: ಆಶ್ವಯುಜ ಹುಣ್ಣಿಮೆಗೆ ದೊಡ್ಡ ಪಾತ್ರೆಯಲ್ಲಿ ಕೇಸರಿ, ಬಾದಾಮಿ ಹಾಕಿ ಹಾಲು ಕಾಯಿಸ್ತಾರೆ, ಅದರಲ್ಲಿ ಚಂದ್ರ ಕಾಣಬೇಕು, ಆಮೇಲೆ ಕುಡೀಬೇಕು. 'ಕೋ ಜಾಗರ್ತಿ', ಯಾರು ಎಚ್ಚರ ಇದ್ದೀರಿ ಅಂತ ಲಕ್ಷ್ಮಿ ಕೇಳಿಕೊಂಡು ಬರ್ತಾಳಂತೆ. ಆನ್‌ಕಾಲ್ ಇರುವವರೆಲ್ಲ ಎಚ್ಚರವೇ ಇದ್ದೇವೆ ತಾಯಿ ಅಂತ ನಾವು ಕೆಲವರು ನಗ್ತಾ ಇದ್ವಿ. ಒಬ್ಬೊಬ್ಬರಾಗಿ ಮರಾಠಿ ಹಾಡು ಹೇಳಿದ್ರು. ಆಮೇಲೆ ಕೆಳಗಿನ ಮಹಡಿಯ ಕಾಕು ನನ್ನ ಕಡೆ ತಿರುಗಿ, "ನಿಮ್ಮ ಕಾನಡಿಯಲ್ಲಿ ಈ ಚಂದ್ರನಿಗೆ ಏನಿದೆ? ಹೇಳು" ಅಂದ್ರು.

ನನಗೆ ಏನೂ ಹೊಳೀಲಿಲ್ಲ. ಶರತ್ಕಾಲ ಅಂದ ಕೂಡಲೇ ತಲೆಗೆ ಬಂದಿದ್ದು ಪಿಯುಸಿಯಲ್ಲಿ ಓದಿದ ಕೀಟ್ಸ್. ಆರು ವರ್ಷದ ಮಗಳು ಪಕ್ಕದಲ್ಲೇ ಕೂತು ನನ್ನ ಬಾಯಿ ನೋಡ್ತಾ ಇದ್ಲು. "ನೆನಪಾಗ್ತಿಲ್ಲ ಕಾಕು" ಅಂತ ಹೇಳಿ ಹಾಲು ಕುಡಿದು ಕೆಳಗೆ ಬಂದೆ. ಈ ಬರಹ ಅವರಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಮೊದಲು, ಇದು ಯಾವ ಕಾಲ?

ನಮ್ಮ ಲೆಕ್ಕದಲ್ಲಿ ಆಶ್ವಯುಜ, ಕಾರ್ತಿಕ ಎರಡೂ ಸೇರಿ ಶರದೃತು. ಮಾರ್ಗಶಿರ, ಪುಷ್ಯ ಹೇಮಂತ. ಕರ್ನಾಟಕ, ಮಹಾರಾಷ್ಟ್ರ ಎರಡು ಕಡೆಯೂ ಅಮಾವಾಸ್ಯೆಗೆ ತಿಂಗಳು ಮುಗಿಸುವ ಪಂಚಾಂಗವೇ ಇರೋದು. ಇಲ್ಲಿನ ಕೋಜಾಗಿರಿಯೂ ಊರಿನ ಶೀಗಿ ಹುಣ್ಣಿಮೆಯೂ ಒಂದೇ ಹುಣ್ಣಿಮೆ.

ಹವಾಮಾನ ಇಲಾಖೆಯ ಪ್ರಕಾರ ಮುಂಬೈಯಿಂದ ಮುಂಗಾರು ಹಿಂದೆ ಸರಿಯುವ ಸಾಮಾನ್ಯ ದಿನಾಂಕ ಅಕ್ಟೋಬರ್ 8. ಮೋಡ ಹೋಗುತ್ತೆ, ನೆಲದಲ್ಲಿ ತೇವ ಉಳಿದಿರುತ್ತೆ, ಮೇಲಿಂದ ಬಿಸಿಲು ನೇರವಾಗಿ ಬೀಳುತ್ತೆ. ನಾವೆಲ್ಲ ಬೈಯುವ 'ಅಕ್ಟೋಬರ್ ಹೀಟ್' ಅದೇ. ಆದರೆ ಅದೇ ದಿನಗಳಲ್ಲಿ ಆಕಾಶ ನೋಡಿ. ನಾಲ್ಕು ತಿಂಗಳ ಮಳೆ ಧೂಳನ್ನೆಲ್ಲ ತೊಳೆದಿರುತ್ತೆ, ಚಂದ್ರ ಅಷ್ಟು ಸ್ಪಷ್ಟವಾಗಿ ವರ್ಷದಲ್ಲಿ ಮತ್ತೆ ಕಾಣೋದು ಕಷ್ಟ. ನವೆಂಬರ್ ಹೊತ್ತಿಗೆ ಉತ್ತರದ ಒಣಗಾಳಿ ಬೀಸಿ ರಾತ್ರಿ ತಂಪಾಗುತ್ತೆ. ಮುಂದೆ ಚಳಿಯಲ್ಲಿ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳದೆ ಹೊಗೆ, ಧೂಳು ಅಲ್ಲೇ ನಿಂತುಬಿಡುತ್ತೆ. ಅಂದ್ರೆ ಈ ತಿಳಿಯಾದ ಆಕಾಶ ಸಿಗೋದು ಕೆಲವೇ ವಾರ. ಹಳೆಯ ಕವಿಗಳು ಶರತ್ಕಾಲ ಅಂದ್ರೆ ತಿಳಿ ಅಂತ ಮತ್ತೆ ಮತ್ತೆ ಹೇಳಿದ್ದು ಅಲಂಕಾರಕ್ಕಲ್ಲ, ಕಂಡಿದ್ದನ್ನೇ ಹೇಳಿದ್ದು.

ಕಂಡಿದ್ದಷ್ಟೇ ಅಲ್ಲ, ಮೂಗಿಗೆ ಬಂದಿದ್ದೂ ಇದೆ. ಅಕ್ಟೋಬರ್ ರಾತ್ರಿ ಠಾಣೆಯಲ್ಲೋ ನವಿ ಮುಂಬೈಯಲ್ಲೋ ರಸ್ತೆ ಬದಿಯಲ್ಲಿ ನಡೆಯುವಾಗ ತಲೆ ಹಿಡಿಯುವಂಥ ಘಾಟು ಪರಿಮಳ ಬರುತ್ತಲ್ವಾ? ಅದು ಸಪ್ತಪರ್ಣಿ. ಮರಾಠಿಯಲ್ಲಿ ಸಾತವೀಣ, ಕನ್ನಡದಲ್ಲಿ ಹಾಲೆ ಮರ, ತುಳುವಿನಲ್ಲಿ ಪಾಲೆ. ಮಂಗಳೂರು, ಉಡುಪಿ ಕಡೆಯವರು ಆಟಿ ಅಮಾವಾಸ್ಯೆಗೆ ಕಹಿ ಕಷಾಯ ಮಾಡಿ ಕುಡಿಯೋದು ಇದರದೇ ತೊಗಟೆಯಿಂದ. ಕಾಳಿದಾಸ ರಘುವಂಶದ 4ನೇ ಸರ್ಗದಲ್ಲಿ ಶರತ್ಕಾಲ ವರ್ಣಿಸುವಾಗ ಈ ಹೂವಿನ ವಾಸನೆಯನ್ನು ಆನೆಯ ಮದದ ವಾಸನೆಗೆ ಹೋಲಿಸ್ತಾನೆ. ಐರೋಲಿ ಆಫೀಸಿಂದ ತಡವಾಗಿ ಹೊರಡುವಾಗ ನನಗೆ ತಲೆನೋವು ತರಿಸುತ್ತಿದ್ದ ಮರ ಇಷ್ಟು ಹಳೆಯ ಪರಿಚಯದ್ದು ಅಂತ ಗೊತ್ತಾದ ಮೇಲೆ ಬೈಯೋದು ಕಡಿಮೆ ಮಾಡಿದ್ದೇನೆ.

ಕೀಟ್ಸ್ ಯಾಕೆ ಉಪಯೋಗಕ್ಕೆ ಬರಲಿಲ್ಲ?

ಕೀಟ್ಸ್ ಮೇಲೆ ನನಗೇನೂ ಸಿಟ್ಟಿಲ್ಲ. 1819ರ ಸೆಪ್ಟೆಂಬರ್ 19ರಂದು ವಿಂಚೆಸ್ಟರ್‌ನಲ್ಲಿ ಅವನು ಆ ಕವಿತೆ ಬರೆದಾಗ ಅಲ್ಲಿ ಕೊಯ್ಲು ಮುಗಿದಿತ್ತು. ಕೂಳೆ ಉಳಿದ ಹೊಲ, ಹೊರಡಲು ಸೇರುವ ಹಕ್ಕಿಗಳು, ಎದುರಿಗೆ ಕತ್ತಲೆಯ ಚಳಿಗಾಲ. ತುಂಬಿದ ಕವಿತೆ ಅದು, ಆದರೆ ಬಾಗಿಲು ಮುಚ್ಚುವ ಮೊದಲಿನ ತುಂಬು.

ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಹುಣ್ಣಿಮೆಯ ಹೊತ್ತಿಗೆ ಮಲೆನಾಡಿನ ಗದ್ದೆಯಲ್ಲಿ ಭತ್ತ ಇನ್ನೂ ಹೊಡೆ, ತೆನೆ ಒಳಗೇ ಇದೆ. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಪ್ಪು ನೆಲದಲ್ಲಿ ಹಿಂಗಾರಿ ಜೋಳದ ಬಿತ್ತನೆ ಈ ದಿನಗಳಲ್ಲೇ. ನೆಲದೊಳಗಿನ ತೇವವನ್ನೇ ನಂಬಿ ಅದು ಬೆಳೀಬೇಕು. ಕಾಳಿದಾಸನದ್ದೆನ್ನುವ ಋತುಸಂಹಾರದಲ್ಲಿ ಶರತ್ತು ಬರೋದು ಮದುಮಗಳ ಹಾಗೆ, ಬಲಿಯುತ್ತಿರುವ ಭತ್ತದ ಪೈರಿನಂತೆ ಬಾಗಿದ ಮೈಯವಳಾಗಿ. ಅಲ್ಲಿ ಏನೂ ಮುಗೀತಿಲ್ಲ, ಒಬ್ಬಳು ಮನೆ ತುಂಬ್ತಾ ಇದ್ದಾಳೆ. ಶಬ್ದಕೋಶದಲ್ಲಿ ಎರಡೂ ಒಂದೇ ಕಾಲ, ಮನಸ್ಸಿನಲ್ಲಿ ಅಲ್ಲ.

ಅಪ್ಪಯ್ಯ ತಿದ್ದಿದ ತಪ್ಪು

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮದು ಸಾಗರದ ಕಡೆ. ಅಲ್ಲಿ ಈ ಹುಣ್ಣಿಮೆಗೆ ಭೂಮಿ ಹುಣ್ಣಿಮೆ ಅಂತಾರೆ. ಹೊಡೆ ತುಂಬಿದ ಗದ್ದೆ ಅಂದ್ರೆ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕಲ್ಲ, ಹಬ್ಬ ಅಷ್ಟೇ. ದೀವರ ಮನೆಗಳಲ್ಲಿ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ ಬಣ್ಣದಲ್ಲಿ ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೀತಾರೆ. ಅದೇ ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲ ಅಡಿಗೆ. ಬೆಳಗಾಗುವ ಮೊದಲು ಬಗೆಬಗೆಯ ಸೊಪ್ಪು ಬೇಯಿಸಿದ ಚರಗವನ್ನು ಗದ್ದೆಗೆ ಬೀರುತ್ತಾ ಕೂಗುತ್ತಾ ಹೋಗಬೇಕು. ಬೆಳಿಗ್ಗೆ ಪೈರಿಗೆ ಪೂಜೆ, ಇಲಿಗೆ ಕಾಗೆಗೆ ಎಡೆ, ಆಮೇಲೆ ಗದ್ದೆ ಬದುವಿನಲ್ಲೇ ಊಟ.

ಈ ಸಲ ನಾನು ಹೋಗಲಿಲ್ಲ. ರಿಲೀಸ್ ಇತ್ತು. ಅಪ್ಪಯ್ಯನಿಗೆ ಮೊಣಕಾಲು ನೋವು, ಬದು ಇಳಿಯೋಕಾಗಲ್ಲ. ಪಕ್ಕದ ಮನೆಯ ಹುಡುಗ ಚರಗ ಬೀರಿ ಬರ್ತಾನಂತೆ. ಆದರೆ ಕೂಗುವ ಮಾತು ಅವನಿಗೂ ಪೂರ್ತಿ ಬರಲ್ಲ.

ನಾನು ಕೇಳಿದೆ, "ಅಪ್ಪಯ್ಯಾ, ಆ ಹಾಡು ಒಮ್ಮೆ ಹೇಳು, ರೆಕಾರ್ಡ್ ಮಾಡ್ಕೋತೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು: "ಅದು ಹಾಡೋದಲ್ಲ ಮಾರಾಯ. ಗದ್ದೆಗೆ ಹೇಳೋದು."

ನನಗೆ ಬೇಕಿದ್ದ ಉತ್ತರ ಇದೇ ಅಂತ ಆಮೇಲೆ ತಿಳೀತು. ನಾನು ಹುಡುಕ್ತಾ ಇದ್ದಿದ್ದು ಕಿಟಕಿ ಪಕ್ಕ ಕೂತು ಕಾಲವನ್ನು ನೋಡುವ ಕವಿತೆ. ನಮ್ಮ ಈ ಕಾಲದ ಕವಿತೆ ಬಹಳಷ್ಟು ಹಾಗಿಲ್ಲ. ಅದು ಯಾರಿಗೋ ಹೇಳುವ ಮಾತು, ಹಾರೈಕೆ. ಬಲಿಪಾಡ್ಯಮಿಯ ರಾತ್ರಿ ಮಲೆನಾಡಿನಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬರ್ತಾರಲ್ಲ, ಅವರು ಬಾಗಿಲು ತೆಗೆಸೋದು ಹಾಡಿನಿಂದ, ಹೊರಡೋದು ಮನೆಯವರನ್ನು ಹರಸಿ. ದೀಪಕ್ಕೆ ಮನೆಯವರು ಎಣ್ಣೆ ಎರೀತಾರೆ. ಕವಿತೆಗೆ ಅಲ್ಲೊಂದು ಕೆಲಸ ಇದೆ.

ನಮ್ಮಂಥವನೊಬ್ಬನ ಕಥೆ

ಹಾಗಾದ್ರೆ ಗದ್ದೆಯೂ ಇಲ್ಲದ, ಅಂಗಳವೂ ಇಲ್ಲದ ನಮಗೆ? ನಮಗೂ ಒಂದು ಕಾವ್ಯ ಇದೆ. ಮೇಘದೂತ ಅಂದ್ರೆ ಆಷಾಢದ ಮಳೆ ಅಂತ ಎಲ್ಲರಿಗೂ ಗೊತ್ತು. ಅದರ ಇನ್ನೊಂದು ತುದಿ ಕಾರ್ತಿಕದಲ್ಲಿದೆ. ಯಕ್ಷ ಕುಬೇರನ ನೌಕರ. ಕೆಲಸದಲ್ಲಿ ತಪ್ಪು ಮಾಡಿದ್ದಕ್ಕೆ ಒಂದು ವರ್ಷ ಮನೆ ಬಿಟ್ಟಿರಬೇಕು ಅಂತ ಶಾಪ. ಅವನಿದ್ದ ರಾಮಗಿರಿಯನ್ನು ನಾಗಪುರ ಹತ್ತಿರದ ರಾಮಟೇಕ್ ಅಂತ ಅನೇಕರು ಗುರುತಿಸ್ತಾರೆ. ಅಂದ್ರೆ ಅವನೂ ಮಹಾರಾಷ್ಟ್ರಕ್ಕೆ ಪೋಸ್ಟಿಂಗ್ ಆದವನೇ!

ಅವನು ಮೋಡದ ಕೈಲಿ ಹೆಂಡತಿಗೆ ಹೇಳಿಕಳಿಸುವ ಮಾತಿನಲ್ಲಿ ಒಂದು ದಿನಾಂಕ ಇದೆ. ವಿಷ್ಣು ಶೇಷನ ಹಾಸಿಗೆಯಿಂದ ಏಳುವ ದಿನ ಶಾಪ ಮುಗಿಯುತ್ತೆ, ಇನ್ನು ನಾಲ್ಕೇ ತಿಂಗಳು, ಆಮೇಲೆ ಬಲಿತ ಶರತ್ಕಾಲದ ಬೆಳದಿಂಗಳಲ್ಲಿ ಜೊತೆಗಿರೋಣ ಅಂತ. ವಿಷ್ಣು ಏಳುವ ದಿನ ಅಂದ್ರೆ ಕಾರ್ತಿಕ ಶುದ್ಧ ಏಕಾದಶಿ, ಪಂಢರಪುರದ ಕಾರ್ತಿಕಿ. ಮರುದಿನ ನಮ್ಮ ಮನೆಗಳಲ್ಲಿ ನೆಲ್ಲಿ ಕೊಂಬೆ ನೆಟ್ಟು ತುಳಸಿ ಮದುವೆ. ಮಳೆಗಾಲದುದ್ದಕ್ಕೂ ಅವನು ತಡೆದುಕೊಂಡಿದ್ದು ನಾವೀಗ ನಿಂತಿರುವ ಈ ದಿನಗಳಿಗಾಗಿ. ಕೊನೆಯ ಪದ್ಯದಲ್ಲಿ ತನ್ನ ದುಃಖ ಬಿಟ್ಟು ಮೋಡವನ್ನು ಹರಸ್ತಾನೆ: ನಿನ್ನ ಮಿಂಚನ್ನು ಒಂದು ಕ್ಷಣವೂ ಅಗಲುವ ಹಾಗಾಗದಿರಲಿ ಅಂತ. ಅಗಲಿಕೆ ಅಂದ್ರೆ ಏನು ಅಂತ ಗೊತ್ತಿದ್ದವನ ಬಾಯಲ್ಲೇ ಬರಬಹುದಾದ ಹಾರೈಕೆ ಅದು. ಬೇಂದ್ರೆಯವರು ಮೇಘದೂತವನ್ನು ಕನ್ನಡಕ್ಕೆ ತಂದಿದ್ದಾರೆ. ಸಿಕ್ಕರೆ ಗಟ್ಟಿಯಾಗಿ ಓದಿ, ಮಕ್ಕಳಿಗೂ ಕೇಳಿಸಲಿ.

ನಾನು ಮಾಡಿದ್ದು ಇಷ್ಟು. ಅಪ್ಪಯ್ಯ ಗದ್ದೆಗೆ ಹೇಳುವ ಮಾತನ್ನು ಎರಡು ಸಲ ಹೇಳಿಸಿ ಇಟ್ಟುಕೊಂಡೆ. ಅದು ಗದ್ದೆಯದ್ದು, ಇಲ್ಲಿ ಹಾಕಲ್ಲ. ಅದರ ಜಾಡಿನಲ್ಲಿ ನಮ್ಮ ಟೆರೇಸಿಗೆ ಅಂತ ಆರು ಸಾಲು ಬರೆದು, ಮಾರನೆಯ ದಿನ ಕಾಕು ಮನೆಗೆ ಮಗಳ ಜೊತೆ ಹೋಗಿ ಹೇಳಿ ಬಂದೆ. ಅರ್ಥ ಮರಾಠಿಯಲ್ಲಿ ಮಗಳೇ ಹೇಳಿದ್ಲು.

ಹೊಡೆಯಾದ ಗದ್ದೆಗೆ ಹಾಲು ತುಂಬಲಿ,
ಗದ್ದೆ ಕಾಯುವವರ ಮೊಣಕಾಲಿಗೆ ಬಲ ಬರಲಿ.
ಇಲಿಗೂ ಒಂದು ತೆನೆ, ಗುಬ್ಬಿಗೂ ಒಂದು ತೆನೆ,
ಕೊನೆಯ ಲೋಕಲ್ ಹಿಡಿದವರಿಗೆ ಬಿಸಿ ಅನ್ನ.
ಈ ಟೆರೇಸಿನ ಲೋಟದ ಹಾಲಿನಲ್ಲಿ
ಊರ ಚಂದ್ರ ಒಂದು ಗಳಿಗೆ ನಿಲ್ಲಲಿ.

ದೊಡ್ಡ ಕವಿತೆಯೇನಲ್ಲ, ನನಗೂ ಗೊತ್ತು. ಆದರೆ ಕಾಕು "ಕೊನೆಯ ಲೋಕಲ್" ಅಂದಾಗ ಒಳಗೆ ಹೋಗಿ, ಇನ್ನೂ ಕಲ್ಯಾಣದಿಂದ ಬಾರದ ಮಗನ ತಟ್ಟೆ ಮುಚ್ಚಿಟ್ಟು ಬಂದ್ರು.

ಇನ್ನೊಂದು ಮಾತು. ಭೂಮಿ ಹುಣ್ಣಿಮೆಯ ದಿನ ಒಂದು ಕೊಟ್ಟೆ ಕಡುಬನ್ನು ಗದ್ದೆಯಲ್ಲೇ ಹುಗಿದು, ಕೊಯ್ಲಿನ ಹೊತ್ತಿಗೆ ತೆಗೆಯುವ ಪದ್ಧತಿ ನಮ್ಮ ಕಡೆ ಇದೆ. ಫೋನ್ ಇಡುವ ಮೊದಲು ಅಪ್ಪಯ್ಯ, "ಕಡುಬು ಹುಗಿಸಿದೀನಿ. ತೆಗೆಯೋಕೆ ನೀನೇ ಬಾ" ಅಂದ್ರು. ಪನ್ವೇಲಿನಿಂದ ಭಟ್ಕಳಕ್ಕೆ ಟಿಕೆಟ್ ಮಾಡಿಸಿದ್ದೇನೆ, ಇನ್ನೂ ವೇಟಿಂಗ್ ಲಿಸ್ಟ್‌ನಲ್ಲಿದೆ. ಯಕ್ಷನಿಗೆ ದಿನಾಂಕವಾದರೂ ಖಚಿತ ಇತ್ತು ನೋಡಿ.

ನಿಮ್ಮ ಊರಿನಲ್ಲಿ ಈ ಕಾಲಕ್ಕೆ ಗದ್ದೆಗೆ, ಹೊಲಕ್ಕೆ, ದನಕ್ಕೆ, ದೀಪಕ್ಕೆ ಏನು ಹೇಳ್ತಾರೆ ಅಂತ ಇವತ್ತೇ ಮನೆಗೆ ಫೋನ್ ಮಾಡಿ ಕೇಳಿ. ಮುಂದಿನ ವಾರ ಸಿಗೋಣ.